ಬಣ್ಣ ತೆಗೆದರೆ ಏನು ಉಳಿಯುತ್ತದೆ?

ಕೇಳುಗರಿಗೆ ನಮಸ್ಕಾರ. ಫೋಟೋ ಬಣ್ಣದಲ್ಲಿರಲಾ, ಕಪ್ಪು-ಬಿಳುಪಿನಲ್ಲಿರಲಾ ಎಂದು ಒದ್ದಾಡುವವರಿಗೆ ಇವತ್ತಿನ ಮಾತು. ನೀವು ಕೇಳಿಕೊಳ್ಳಬೇಕಾದದ್ದು ಒಂದೇ ಪ್ರಶ್ನೆ. ಬಣ್ಣ ತೆಗೆದರೆ ಏನು ಉಳಿಯುತ್ತದೆ?

ಇದನ್ನು ನನಗೆ ಕಲಿಸಿದ್ದು ಒಂದು ಹೂವು. ಆಗಿನ್ನೂ ಫಿಲ್ಮ್ ರೋಲಿನ ಕಾಲ. ರೋಲಿಗೆ 36 ಚಿತ್ರ, ಲೆಕ್ಕ ಹಾಕಿಯೇ ಕ್ಲಿಕ್ ಮಾಡಬೇಕು. ನನ್ನ ಕ್ಯಾಮೆರಾದಲ್ಲಿದ್ದದ್ದು ಕಪ್ಪು-ಬಿಳುಪಿನ ರೋಲ್. ಮೋಡ ಕವಿದ ಬೆಳಗು, ಎಲ್ಲೂ ನೆರಳಿಲ್ಲ. ದಟ್ಟ ಹಸಿರು ಎಲೆಗಳ ನಡುವೆ ಒಂದೇ ಒಂದು ಕೆಂಪು ದಾಸವಾಳ, ಕೆಂಡದ ಹಾಗೆ! ಮಂಡಿಯೂರಿ ಕೂತು 11 ಚಿತ್ರ ತೆಗೆದೆ. ರಾತ್ರಿ ಡಾರ್ಕ್‌ರೂಮಿನಲ್ಲಿ, ಫೋಟೋ ಪೇಪರಿನ ಮೇಲೆ ಚಿತ್ರ ಮೂಡಿಸುವ ಡೆವಲಪರ್ ದ್ರಾವಣದ ಟ್ರೇ ಅಲ್ಲಾಡಿಸುತ್ತಾ ಕಾದೆ. ಎಲೆ ಬಂತು. ಕೊಂಬೆ ಬಂತು. ಹೂವು ಮಾತ್ರ ಬರಲೇ ಇಲ್ಲ. ಪೇಪರ್ ಕೆಟ್ಟಿರಬೇಕು ಅಂತ ಇನ್ನೊಂದು ಹಾಕಿದೆ. ಅದರಲ್ಲೂ ಅಷ್ಟೇ. ಬೆರಳಿಟ್ಟು ಹುಡುಕಿದರೆ ಹೂವು ಅಲ್ಲೇ ಇದೆ, ಎಲೆಯಷ್ಟೇ ಬೂದಾಗಿ! ನಮ್ಮ ಕಣ್ಣಿಗೆ ಕೆಂಪೇ ಬೇರೆ, ಹಸಿರೇ ಬೇರೆ. ಆದರೆ ಎರಡರ ಹೊಳಪೂ ಸಮನಾಗಿದ್ದರೆ ಕಪ್ಪು-ಬಿಳುಪಿನಲ್ಲಿ ಎರಡೂ ಒಂದೇ. ಲೆನ್ಸಿಗೆ ಕೆಂಪು ಫಿಲ್ಟರ್ ಹಾಕಿದ್ದರೆ ಹೂವು ಬೆಳ್ಳಗೆ, ಎಲೆ ಕಪ್ಪಗೆ ಬರುತ್ತಿತ್ತು. ಅದು ಬ್ಯಾಗಿನಲ್ಲೇ ಇತ್ತು ಅನ್ನಿ.

ಆ ಚಿತ್ರದಲ್ಲಿ ಇದ್ದದ್ದೇ ಬಣ್ಣ. ತೆಗೆದರೆ ಏನೂ ಉಳಿಯಲಿಲ್ಲ. ಆದರೆ ಓರೆ ಬಿಸಿಲಿನಲ್ಲಿ ಸುಕ್ಕುಗಟ್ಟಿದ ಮುಖ, ಮಂಜಿನೊಳಗಿನ ಮರ, ಮೆಟ್ಟಿಲ ಮೇಲೆ ಬಿದ್ದ ಕಂಬಿಗಳ ನೆರಳು ನೋಡಿ. ಬಣ್ಣ ತೆಗೆದರೂ ಎಲ್ಲಾ ಉಳಿಯುತ್ತದೆ, ಇನ್ನೂ ಜಾಸ್ತಿ ಎದ್ದು ಕಾಣುತ್ತದೆ.

“ಕಪ್ಪು-ಬಿಳುಪು ಮಾಡಿದರೆ ಕಲೆ ಅನ್ನಿಸುತ್ತೆ ಅಲ್ವಾ ಸಾರ್?” ಎಂದು ಕೇಳುವವರಿದ್ದಾರೆ. ಇಲ್ಲ ಸ್ವಾಮಿ! ಸಪ್ಪೆ ಚಿತ್ರದ ಬಣ್ಣ ತೆಗೆದರೆ ಸಿಗುವುದು ಬೂದು ಬಣ್ಣದ ಸಪ್ಪೆ ಚಿತ್ರ. 1976ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ ಅಮೆರಿಕದ ಫೋಟೋಗ್ರಾಫರ್ ವಿಲಿಯಂ ಎಗಲ್‌ಸ್ಟನ್ ಅವರ ಬಣ್ಣದ ಫೋಟೋಗಳ ಪ್ರದರ್ಶನ ಇಟ್ಟಾಗಲೂ ಬಣ್ಣದ ಫೋಟೋ ಎಲ್ಲಿಯ ಕಲೆ ಅಂತ ಹಲವು ವಿಮರ್ಶಕರು ಮೂಗು ಮುರಿದಿದ್ದರು. ಆ ಚಿತ್ರಗಳಲ್ಲಿ ಬಣ್ಣ ತೆಗೆದರೆ ಏನು ಉಳಿಯುತ್ತದೆ, ನೀವೇ ನೋಡಿ.

ಹೇಳುವುದು ಇನ್ನೂ ಇತ್ತು, ದಾಸವಾಳವೇ ಸಮಯ ತಿಂದುಬಿಟ್ಟಿತು. ಡಿಜಿಟಲ್ ಆದರೆ ಸುಮ್ನೆ ಬಣ್ಣದಲ್ಲೇ ತೆಗೆಯಿರಿ. ಆಗುವುದಾದರೆ ರಾ ಫೈಲ್, ಅಂದರೆ ಕ್ಯಾಮೆರಾ ಕಂಡದ್ದನ್ನೆಲ್ಲಾ ಹಾಗೇ ಹಿಡಿದಿಟ್ಟ ಫೈಲ್, ಇಟ್ಟುಕೊಳ್ಳಿ. ಕಪ್ಪು-ಬಿಳುಪಿನಲ್ಲೇ ಉಳಿಸಿದ ಜೆಪೆಗ್‌ಗೆ, ಅಂದರೆ ಮಾಮೂಲಿ ಫೋಟೋ ಫೈಲಿಗೆ, ಹೋದ ಬಣ್ಣ ವಾಪಸ್ ಬರುವುದಿಲ್ಲ. ಆಮೇಲೆ ಕಪ್ಪು-ಬಿಳುಪಿಗೆ ಎಡಿಟ್ ಮಾಡುವಾಗ ಕೆಂಪಿನ ಹೊಳಪನ್ನು ಸ್ವಲ್ಪ ಏರಿಸಿ, ಹಸಿರಿನದನ್ನು ಸ್ವಲ್ಪ ಇಳಿಸಿದರೆ ಕಳೆದುಹೋದ ಹೂವೂ ಕಾಣಿಸುತ್ತದೆ. ಸ್ಟುಡಿಯೋ ಗಾಜಿನಾಚೆಯಿಂದ ಸಮಯ ಮುಗಿಯಿತೆಂದು ಕೈಸನ್ನೆ ಬಂತು. ನಮಸ್ಕಾರ.