ಹೊಸ ತಂಡ ಕಟ್ಟುವಾಗ ಯಾರು ಬೇಕು?

ಕೇಳುಗರೇ, ನಮಸ್ಕಾರ.

ಹಾಕಿ ಅಂದ ಕೂಡಲೇ ನಮಗೆ ಕೊಡಗಿನ ಮೈದಾನ ಕಣ್ಮುಂದೆ ಬರುತ್ತದೆ, ಅಲ್ವಾ? ಇವತ್ತಿನ ಮಾತು ಅಮೆರಿಕ, ಕೆನಡಾಗಳಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಹಾಕಿಯದು.

2017ರಲ್ಲಿ ಅಲ್ಲಿನ ಎನ್‌ಎಚ್‌ಎಲ್ ಲೀಗಿಗೆ ಹೊಸ ತಂಡ ಬಂತು, ವೇಗಾಸ್ ಗೋಲ್ಡನ್ ನೈಟ್ಸ್. ತಂಡವೇನೋ ಬಂತು, ಆಟಗಾರರು ಬೇಕಲ್ಲ? ಅದಕ್ಕೆ ಎಕ್ಸ್‌ಪಾನ್ಶನ್ ಡ್ರಾಫ್ಟ್ ಅಂತ ಒಂದು ಏರ್ಪಾಡಿದೆ. ಹಳೆಯ 30 ತಂಡಗಳಿಂದ ತಲಾ ಒಬ್ಬರನ್ನು ಆರಿಸಿಕೊಳ್ಳಬೇಕು. ಆದರೆ ಆ ತಂಡಗಳು ತಮಗೆ ಬೇಕಾದ ಒಂಬತ್ತೋ ಹನ್ನೊಂದೋ ಜನರನ್ನು ಮೊದಲೇ ಎತ್ತಿಟ್ಟುಕೊಂಡಿರುತ್ತವೆ. ವೃತ್ತಿಪರ ಆಟಕ್ಕೆ ಬಂದು ಎರಡು ವರ್ಷ ಮೀರದ ಹುಡುಗರನ್ನಂತೂ ಮುಟ್ಟುವ ಹಾಗಿಲ್ಲ.

ಉಳಿದವರಲ್ಲಿ ಅನುಭವಿಗಳು ಬೇಕೋ, ಬೆಳೆಯುವವರು ಬೇಕೋ? ನನಗೆ ಕೇಳಿದರೆ, ಗೋಲ್‌ನಲ್ಲಿ ನಿಲ್ಲಲು ಅನುಭವಿಯೇ ಬೇಕು. ಒಬ್ಬರ ಆಟ ಇನ್ನೊಬ್ಬರಿಗೆ ಗೊತ್ತಿಲ್ಲದ ತಂಡ ಅದು. ತಪ್ಪುಗಳು ಆಗಿಯೇ ಆಗುತ್ತವೆ. ಅವನ್ನು ತಡೆಯುವ ಗಟ್ಟಿ ಕೈ ಹಿಂದೆ ಇರಬೇಕು. ಪಿಟ್ಸ್‌ಬರ್ಗ್ ತಂಡ 23 ವರ್ಷದ ಗೋಲ್‌ಕೀಪರ್ ಮ್ಯಾಟ್ ಮರ್ರಿಯನ್ನು ಉಳಿಸಿಕೊಂಡು, ಲೀಗಿನ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ಪನ್ನು ಮೂರು ಸಲ ಗೆದ್ದಿದ್ದ ಇನ್ನೊಬ್ಬ ಗೋಲ್‌ಕೀಪರ್ ಮಾರ್ಕ್ ಆಂಡ್ರೆ ಫ್ಲೂರಿಯನ್ನು ಬಿಟ್ಟುಕೊಟ್ಟಿತು. ಫ್ಲೂರಿಗೆ ಆಗ 32. ವೇಗಾಸ್ ತಡಮಾಡದೆ ಅವರನ್ನು ಕರೆದುಕೊಂಡಿತು.

ಮಿಕ್ಕ ಜಾಗಗಳಿಗೆ ಹೆಸರಿಗಿಂತ ಹಸಿವು ನೋಡಬೇಕು. ಕೊಲಂಬಸ್ ತಂಡದ ವಿಲಿಯಂ ಕಾರ್ಲ್‌ಸನ್‌ಗೆ 24 ವರ್ಷ. ಹಿಂದಿನ ಸೀಸನ್‌ನಲ್ಲಿ ಹೊಡೆದದ್ದು ಬರೀ 6 ಗೋಲು. ಅಲ್ಲಿ ಆಡಲು ಹೆಚ್ಚು ಹೊತ್ತು ಸಿಗುತ್ತಿರಲಿಲ್ಲ. ವೇಗಾಸ್‌ನಲ್ಲಿ ಮೊದಲ ಸೀಸನ್‌ಗೇ 43!

ನನಗೆ ತುಂಬಾ ಹಿಡಿಸಿದ್ದು ಶೇ ಥಿಯೋಡೋರ್ ಸಿಕ್ಕ ಬಗೆ. 21ರ ಹುಡುಗ, ಡ್ರಾಫ್ಟಿನಲ್ಲಿ ಮುಟ್ಟುವ ಹಾಗಿರಲಿಲ್ಲ. ಅನಾಹೈಮ್ ತಂಡಕ್ಕೆ ತನ್ನ ಬೇರೆ ಡಿಫೆಂಡರ್‌ಗಳು ಕೈತಪ್ಪಬಾರದಿತ್ತು. ತನಗೆ ಹೊರೆಯಾಗಿದ್ದ ಹಿರಿಯ ಆಟಗಾರ ಕ್ಲೇಟನ್ ಸ್ಟೋನರ್‌ನನ್ನು ವೇಗಾಸ್ ಆರಿಸಿದರೆ ಥಿಯೋಡೋರ್‌ನನ್ನೂ ಕೊಡುವುದಾಗಿ ಒಪ್ಪಂದವಾಯಿತು. ಬೇರೆಯವರ ಹೊರೆ ಹೊತ್ತು ನಾಳೆಯ ಆಟಗಾರನನ್ನು ಪಡೆಯುವುದು ಎಷ್ಟು ಜಾಣತನ!

ಮೊದಲ ವರ್ಷವೇ ವೇಗಾಸ್ ಫೈನಲ್‌ಗೆ ಹೋಗಿ ವಾಷಿಂಗ್ಟನ್‌ಗೆ ಸೋತಿತು. 2023ರಲ್ಲಿ ಕಪ್ ಗೆದ್ದಾಗ ಫ್ಲೂರಿ ಬೇರೆ ತಂಡದಲ್ಲಿದ್ದರು. ಆದರೆ ಮೊದಲ ವರ್ಷದ ಆರು ಮಂದಿ ಇನ್ನೂ ಅಲ್ಲೇ ಇದ್ದರು. ಕಾರ್ಲ್‌ಸನ್, ಥಿಯೋಡೋರ್ ಇಬ್ಬರೂ ಅವರಲ್ಲಿ ಸೇರಿದ್ದರು.

ನಮಸ್ಕಾರ.