ಧೂಳು ಬಿಡಿ ಮಾರಾಯ್ರೆ, ಬುಡ ನೋಡಿ

ನಮಸ್ಕಾರ. ಹೋದ ವಾರದ ಪತ್ರೊಡೆ ವಿಡಿಯೋ ಕೆಳಗೆ ಒಬ್ರು ಕೇಳಿದ್ದಾರೆ: ‘ಪಕ್ಕದ ಸೈಟಲ್ಲಿ ಹಳೇ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಕಟ್ತಿದ್ದಾರೆ, ನಮ್ಮ ಬಸಳೆ ಚಪ್ಪರದ ಮೇಲೆಲ್ಲ ಸಿಮೆಂಟ್ ಧೂಳು, ಕಿತ್ತು ಎಸೀಬೇಕಾ?’ ಅದರ ಕೆಳಗೆ ಸಾಲಾಗಿ ‘ಎಸೀರಿ’, ‘ವಿಷ’, ‘ಮುಟ್ಟಲೇಬೇಡಿ’. ಒಬ್ಬರಾದ್ರೂ ಕೇಳಿದ್ರಾ, ಕೆಡವಿದ ಮನೆಯ ಬಾಗಿಲಿಗೆ ಎಂತ ಪೇಂಟ್ ಇತ್ತು ಅಂತ? ಇಲ್ಲ.

ಧೂಳು ಬಿಡಿ, ಬುಡ ನೋಡಿ.

ಸಿಮೆಂಟ್ ಅಂದ್ರೆ ಸುಣ್ಣಕಲ್ಲು, ಜೇಡಿ ಸುಟ್ಟು ಅರೆದ ಪುಡಿ. ಅದರ ತೊಂದರೆ ಮುಖ್ಯವಾಗಿ ಉಸಿರಿಗೆ, ಚರ್ಮಕ್ಕೆ. ಎಲೆ ಮೇಲಿದ್ರೆ ತೊಳೆದ್ರೆ ಹೋಗುತ್ತೆ. ಬೆಳಗಿನ ಇಬ್ಬನಿ ಕುಡಿದು ಗಟ್ಟಿ ಹೊಪ್ಪಳೆ ಕಟ್ಟಿದ ಎಲೆ ಮಾತ್ರ ಬಿಸಾಕಿ. ತೊಳೆಯೋಕೂ ಒಂದು ಕ್ರಮ ಇದೆ: ದೊಡ್ಡ ಪಾತ್ರೆ ನೀರಲ್ಲಿ ಸೊಪ್ಪು ಅದ್ದಿ, ಅಲ್ಲಾಡಿಸಿ, ಸೊಪ್ಪನ್ನ ಮೇಲಕ್ಕೆ ಎತ್ತಿ. ನೀರು ಬಗ್ಗಿಸಬೇಡಿ, ಬಗ್ಗಿಸಿದ್ರೆ ತಳದ ಮಡ್ಡಿ ವಾಪಸ್ ಸೊಪ್ಪಿನ ಮೇಲೇ ಕೂರುತ್ತೆ. ತಳದಲ್ಲಿ ಮಣ್ಣು ಕಾಣದಿರೋ ತನಕ ಹೊಸ ನೀರು. ಲೀಟರಿಗೆ ಎರಡು ಟೀ ಚಮಚ ವಿನೆಗರ್ ಹಾಕಿದ್ರೆ ಇನ್ನೂ ಒಳ್ಳೇದು.

ಈಗ ಬುಡ, ಅಂದ್ರೆ ಗಿಡದ ಕೆಳಗಿನ ಮಣ್ಣು. ಅಲ್ಲಿ ಮೊದಲನೇದು ಪೇಂಟ್. ಹಳೇ ಬಾಗಿಲು, ಕಿಟಕಿ, ಸರಳಿನ ಎನಾಮಲ್ ಪೇಂಟಲ್ಲಿ ಸೀಸ (ಲೆಡ್ ಅನ್ನೋ ವಿಷದ ಲೋಹ) ಇರೋ ಸಾಧ್ಯತೆ ಜಾಸ್ತಿ, ಅದರಲ್ಲೂ ಹಳದಿ, ಕಿತ್ತಳೆ, ಹಸಿರು ಬಣ್ಣದಲ್ಲಿ. ಮನೆ ಪೇಂಟಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಪಾಲು) ದಾಟಬಾರದು ಅನ್ನೋ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಲ್ಲಿ. ಮರಳು ಕಾಗದದಲ್ಲಿ ಉಜ್ಜಿದ ಆ ಹಳೇ ಪೇಂಟಿನ ಪುಡಿ ಗೋಡೆಯಿಂದ ಒಂದೆರಡು ಮೀಟರ್ ಒಳಗೇ ಹೆಚ್ಚು ಬೀಳುತ್ತೆ. ನೀವು ಹರಿವೆ ಬಿತ್ತಿದ್ದೆಲ್ಲಿ? ಅಲ್ಲೇ. ಮಲೆನಾಡಿನ ಮಣ್ಣು ಹುಳಿ. ಹುಳಿ ಮಣ್ಣಲ್ಲಿ ಸೀಸ ಬೇರಿಗೆ ಸಲೀಸಾಗಿ ಸಿಗುತ್ತೆ. ಮೂಲಂಗಿ, ಕೆಸು, ಹರಿವೆಯಲ್ಲಿ ಹೆಚ್ಚು. ಬದನೆ, ತೊಂಡೆ, ಸೌತೆಯಂಥ ಕಾಯಲ್ಲಿ ಕಡಿಮೆ. (ರೆಡ್ ಆಕ್ಸೈಡ್ ನೆಲ ಒಡೆದ್ರೆ ಗಾಬರಿ ಬೇಡ, ಆ ಕೆಂಪು ಕಬ್ಬಿಣದ್ದು.)

‘ಬೇಯಿಸಿದ್ರೆ ಆಯ್ತಲ್ಲ?’ ಓಹೋ! ಸೀಸ ಏನು ಸೊಳ್ಳೆನಾ, ಬಿಸಿ ನೀರಿಗೆ ಸಾಯೋಕೆ? ಬುಡ ನೋಡಿ!

ಎರಡನೇದು ಗೆದ್ದಲ ಔಷಧಿ. ಪಾಯಕ್ಕೆ ಕ್ಲೋರ್‌ಪೈರಿಫಾಸ್ 20 ಇಸಿ (ನೂರಕ್ಕೆ 20 ಪಾಲು ಔಷಧಿ ಇರೋ, ನೀರಲ್ಲಿ ಕಲಸೋ ದ್ರಾವಣ) ಹಾಕೋದಾದ್ರೆ ಒಂದು ಲೀಟರಿಗೆ 19 ಲೀಟರ್ ನೀರು. ಮನೆ ಸುತ್ತ ಪಾಯದ ಗೋಡೆಯ ಪ್ರತಿ ಚದರ ಮೀಟರಿಗೆ ಏಳೂವರೆ ಲೀಟರ್ ಲೆಕ್ಕ. ಮಣ್ಣಿಗೆ ಗಟ್ಟಿಯಾಗಿ ಅಂಟಿಕೊಂಡು ತಿಂಗಳುಗಟ್ಟಲೆ, ಕೆಲವು ಕಡೆ ವರ್ಷಗಟ್ಟಲೆ ಉಳಿಯುತ್ತೆ. ಆ ಗೋಡೆಗೆ ಒಂದು ಮೀಟರ್ ಒಳಗೆ ತಿನ್ನೋದು ಏನೂ ನೆಡಬೇಡಿ. ಬಾವಿ ಹತ್ತಿರ ಇದ್ರೆ ಮೇಸ್ತ್ರಿ ಹತ್ರ ಮೊದಲೇ ಜಗಳ ಆಡಿ.

ಮೂರನೇದು ಸೆಂಟ್ರಿಂಗ್ ಶೀಟಿಗೆ (ಕಾಂಕ್ರೀಟ್ ಹಾಕೋ ಅಚ್ಚಿನ ತಗಡಿಗೆ) ಬಳಿಯೋ ವೇಸ್ಟ್ ಆಯಿಲ್. ಶೀಟು ನಿಮ್ಮ ಬೇಲಿಗೆ ಒರಗಿಸಿಟ್ಟಿರ್ತಾರೆ, ಮಳೆ ಬಂತು, ಎಣ್ಣೆ ಇಳೀತು, ಇಳಿಜಾರಲ್ಲಿ ನಿಮ್ಮ ಕೆಸುವಿನ ಗುಂಡಿಗೆ ಬಂತು. ನೀರ ಮೇಲೆ ಕಾಮನಬಿಲ್ಲಿನ ಪದರ ಕಂಡ್ರೆ ಕಡ್ಡಿಯಲ್ಲಿ ಚುಚ್ಚಿ ನೋಡಿ. ಒಡೆದ ಗಾಜಿನ ಹಾಗೆ ಚೂರು ಚೂರಾದ್ರೆ ಜಂಬಿಟ್ಟಿಗೆ ಕಲ್ಲಿನ ಒಸರಲ್ಲಿ ಸಾಮಾನ್ಯವಾದ ಕಬ್ಬಿಣದ ಬ್ಯಾಕ್ಟೀರಿಯಾ, ಚಿಂತೆ ಇಲ್ಲ. ಸುತ್ತಿ ಸುತ್ತಿ ಮತ್ತೆ ಕೂಡಿಕೊಂಡ್ರೆ ಎಣ್ಣೆ. ಆ ವರ್ಷ ಅಲ್ಲಿನ ಪತ್ರೊಡೆ ಕ್ಯಾನ್ಸಲ್.

‘ಮಣ್ಣು ಪರೀಕ್ಷೆ ಮಾಡ್ಸಿದೀವಿ, ಕಾರ್ಡ್ ಇದೆ’ ಅಂತಾರೆ. ಮಣ್ಣಿನ ಆರೋಗ್ಯ ಕಾರ್ಡಲ್ಲಿರೋ ಹನ್ನೆರಡು ಅಂಶ ಓದಿ ನೋಡಿ: ರಸಸಾರ, ಸಾರಜನಕ, ರಂಜಕ, ಪೊಟ್ಯಾಷ್, ಸತು, ಬೋರಾನ್... ಸೀಸ ಎಲ್ಲಿದೆ? ಇಲ್ಲ. ಭಾರ ಲೋಹದ ಪರೀಕ್ಷೆ ಅಂತ ಬೇರೆ ಕೇಳಿ ಮಾಡಿಸ್ಬೇಕು. ಅಲ್ಲೀತನಕ ಗ್ರೋಬ್ಯಾಗಲ್ಲಿ ಒಂದಡಿ ಹೊರಗಿನ ಮಣ್ಣು, ಗೊಬ್ಬರ ತುಂಬಿ ಸೊಪ್ಪು ಬೆಳೀರಿ. ಗ್ರೋಬ್ಯಾಗ್ ತುಂಬೋ ವಿಡಿಯೋ ನಮ್ಮ ಚಾನೆಲ್ಲಲ್ಲೇ ಇದೆ, ನೋಡಿ, ಲೈಕ್ ಒತ್ತಿ, ಒತ್ತೋಕೆ ದುಡ್ಡು ಬೀಳಲ್ಲ.

‘ನಮ್ಮಜ್ಜಿ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?’ ಅಲ್ರೀ, ನಿಮ್ಮಜ್ಜಿ ಕಾಲದಲ್ಲಿ ಸೆಂಟ್ರಿಂಗ್ ಶೀಟ್ ಎಲ್ಲಿತ್ತು? ಬುಡ! ಬುಡ ನೋಡಿ ಅಂತ ಎಷ್ಟು ಸಲ ಹೇಳ್ಲಿ? ಎಲೆ ಒರೆಸ್ತಾ ಕೂತಿದ್ದಾರೆ ಟಿಶ್ಯೂ ಪೇಪರಲ್ಲಿ, ಬುಡದಲ್ಲಿ ಪೇಂಟ್ ಹೆಕ್ಕಳೆ ಬಿದ್ದಿದೆ, ಹಳದಿ, ಉಗುರಿನಷ್ಟು ದೊಡ್ಡದು, ಕಣ್ಣಿಗೆ ಕಾಣೋ ಥರ!

ಇನ್ನೊಬ್ರು ಕೇಳಿದ್ದಾರೆ, ‘ಅಲ್ಲೇ ಕೋಳಿ ಬಿಟ್ಟಿದೀವಿ, ಮೊಟ್ಟೆ ತಿನ್ಬಹುದಾ?’ ಕೋಳಿ ಮಣ್ಣು ಕೆದಕಿ ಹೆಕ್ಕುತ್ತೆ, ಆ ಸೀಸ ಮೊಟ್ಟೆಗೂ ಬರುತ್ತೆ. ಮೊದಲು ಕೋಳಿ ಕಟ್ಟಿಹಾಕಿ. ಉಳಿದದ್ದು ಮುಂದಿನ ವಾರ.