ಕನ್ನಡದಲ್ಲಿ ಬರೆಯುವವರು ಮಾರ್ಕ್‌ಡೌನ್ ಕಲಿಯಲೇಬೇಕು

ನಮಸ್ಕಾರ. ನೀವು ಲೇಖನ ಬರೆಯುವವರಾದರೆ ಇವತ್ತೇ ಮಾರ್ಕ್‌ಡೌನ್‌ಗೆ ಬನ್ನಿ. ಬರೀ ಟೆಕ್ಸ್ಟ್‌ನಲ್ಲೇ ಕೆಲವು ಚಿಹ್ನೆ ಹಾಕಿ ತಲೆಬರಹ, ಪಟ್ಟಿ, ದಪ್ಪಕ್ಷರ ಗುರುತಿಸುವ ವಿಧಾನ ಅದು. ಕಲಿಯುವುದು ಜಾಸ್ತಿ ಏನಿಲ್ಲ. ತಲೆಬರಹಕ್ಕೆ ಸಾಲಿನ ಮೊದಲು ಒಂದು ಹ್ಯಾಶ್, ಪಟ್ಟಿಗೆ ಒಂದು ಹೈಫನ್, ದಪ್ಪಕ್ಷರಕ್ಕೆ ಪದದ ಎರಡೂ ಕಡೆ ಎರಡೆರಡು ಸ್ಟಾರ್. ಹ್ಯಾಶ್ ಆದ ಮೇಲೆ ಒಂದು ಸ್ಪೇಸ್ ಬಿಡಿ, ಇಲ್ಲದಿದ್ದರೆ ಎಷ್ಟೋ ಕಡೆ ಅದು ತಲೆಬರಹ ಆಗುವುದೇ ಇಲ್ಲ.

ಜಾನ್ ಗ್ರೂಬರ್ 2004ರಲ್ಲಿ ಇದನ್ನು ಹೊರತಂದಾಗ ಇಟ್ಟುಕೊಂಡ ಗುರಿ ನನಗೆ ತುಂಬಾ ಇಷ್ಟ: ಎಚ್‌ಟಿಎಂಎಲ್ (ವೆಬ್ ಪುಟದ ಕೋಡ್) ಆಗುವ ಮೊದಲೇ, ಬರೀ ಟೆಕ್ಸ್ಟ್ ಆಗಿರುವಾಗಲೇ, ಬರಹ ಸಲೀಸಾಗಿ ಓದಿಸಿಕೊಳ್ಳಬೇಕು. ಅಂದರೆ ನಿಮ್ಮ ಲೇಖನ ಯಾವ ಸಾಫ್ಟ್‌ವೇರ್‌ನ ಹಂಗಿನಲ್ಲೂ ಇರುವುದಿಲ್ಲ. ಆ್ಯಪ್ ನಿಂತುಹೋದರೂ ಫೈಲ್ ತೆರೆಯುತ್ತದೆ. ವರ್ಡ್ ಪ್ರೊಸೆಸರ್‌ನಿಂದ ಕಾಪಿ ಮಾಡಿ ಅಂಟಿಸಿದಾಗ ಫಾಂಟು, ಬಣ್ಣ, ಅಳತೆ ಎಲ್ಲವೂ ಕಣ್ಣಿಗೆ ಕಾಣದ ಹಾಗೆ ಹಿಂದೆಯೇ ಬರುತ್ತವಲ್ವಾ, ಆ ತಲೆನೋವೂ ಇಲ್ಲ.

ಆದರೆ ಕನ್ನಡದಲ್ಲಿ ಒಂದು ಕಡೆ ಎಡವುತ್ತೇವೆ. ನಮ್ಮ ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುತ್ತದೆ. ‘ಪುಸ್ತಕ’ದ ಎರಡೂ ಕಡೆ ಅಂಡರ್‌ಸ್ಕೋರ್ (_, ಒತ್ತು ಕೊಡಲು ಸ್ಟಾರ್ ಬದಲು ಇದನ್ನೂ ಹಾಕಬಹುದು) ಹಾಕಿ ಮುಂದೆ ‘ದಲ್ಲಿ’ ಸೇರಿಸಿ ನೋಡಿ. 2014ರಲ್ಲಿ ಬಂದ ಕಾಮನ್‌ಮಾರ್ಕ್ (ಮಾರ್ಕ್‌ಡೌನ್ ಎಲ್ಲ ಕಡೆ ಒಂದೇ ಥರ ಇರಲಿ ಎಂದು ಮಾಡಿದ ನಿಯಮಾವಳಿ) ಪ್ರಕಾರ, ಅಂಡರ್‌ಸ್ಕೋರ್ ಆದ ತಕ್ಷಣ ಅಕ್ಷರ ಬಂದರೆ ಅಲ್ಲಿ ಒತ್ತು ಮುಗಿಯುವುದಿಲ್ಲ, ಹಾಗಾಗಿ ಓದುಗರಿಗೆ ಆ ಗೆರೆಗಳೇ ಕಾಣಿಸುತ್ತವೆ. ಸ್ಟಾರ್ ಹಾಕಿದರೆ ಸರಿಯಾಗುತ್ತದೆ. ಆದರೆ ಸ್ಟಾರ್ ಒಳಗೆ ಉದ್ಧರಣ ಚಿಹ್ನೆ ಇದ್ದು, ಹೊರಗೆ ‘ದಲ್ಲಿ’ ಬಂದರೆ ಅದೂ ಕೈಕೊಡುತ್ತದೆ. ಹಾಗಾಗಿ ನಾನು ಹೇಳುವುದು ಇಷ್ಟೇ, ಪ್ರತ್ಯಯವನ್ನೂ ಸೇರಿಸಿ ಇಡೀ ಪದವನ್ನು ಸ್ಟಾರ್ ಒಳಗೆ ಹಾಕಿಬಿಡಿ. ಓದೋಕೂ ಅದೇ ಚೆಂದ, ಅರ್ಧ ಪದ ದಪ್ಪ, ಅರ್ಧ ತೆಳ್ಳಗೆ ಇದ್ದರೆ ಕಣ್ಣಿಗೆ ಕಿರಿಕಿರಿ.

ಇಟಾಲಿಕ್ ಅಂತೂ ಕನ್ನಡಕ್ಕೆ ಬೇಡವೇ ಬೇಡ. ಹೆಚ್ಚಿನ ಕನ್ನಡ ಫಾಂಟುಗಳಲ್ಲಿ ಆ ರೂಪವೇ ಇಲ್ಲ, ಬ್ರೌಸರ್ ಇದ್ದ ಅಕ್ಷರವನ್ನೇ ಸುಮ್ನೆ ಓರೆ ಮಾಡಿ ತೋರಿಸುತ್ತದೆ, ಒತ್ತಕ್ಷರ ಇರುವ ಕಡೆ ಓದುವುದೇ ಕಷ್ಟ.

ಇನ್ನು ಪದ್ಯ ಹಾಕುವವರಿಗೆ ಒಂದು ಮಾತು. ಸುಮ್ನೆ ಎಂಟರ್ ಒತ್ತಿದರೆ ಸಾಲುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಸಾಲಿನ ಕೊನೆಗೆ ಎರಡು ಸ್ಪೇಸ್ ಬಿಡಬೇಕು. ಕಣ್ಣಿಗೆ ಕಾಣದ ಗುರುತು ಇದು, ಎಷ್ಟೋ ಎಡಿಟರ್‌ಗಳು ಸೇವ್ ಮಾಡುವಾಗ ಅಳಿಸಿಯೂ ಬಿಡುತ್ತವೆ. ಅದಕ್ಕೆ ಕಾಮನ್‌ಮಾರ್ಕ್ ಒಪ್ಪುವ ಕಡೆ ಸಾಲಿನ ಕೊನೆಗೆ ಬ್ಯಾಕ್‌ಸ್ಲ್ಯಾಷ್ ಹಾಕಿ, ಅದು ಕಣ್ಣಿಗೂ ಕಾಣುತ್ತದೆ, ಅಳಿಸಿಯೂ ಹೋಗುವುದಿಲ್ಲ.